ಮೊದಲು ಹೇಳು, ಆಮೇಲೆ ನೋಡು

ಯಾವ ಟೆಲಿಸ್ಕೋಪ್ ಕೊಳ್ಳಲಿ ಎಂದು ಕೇಳಿದ್ದೀಯ. ಸದ್ಯಕ್ಕೆ ಯಾವುದೂ ಬೇಡ ಕಣಮ್ಮ. ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್, ಅಡುಗೆಮನೆ ಗೋಡೆಗೆ ಹೇಗೂ ನೇತುಹಾಕಿರುವ ಪಂಚಾಂಗದ ಕ್ಯಾಲೆಂಡರ್. ಮೊದಲ ವರ್ಷಕ್ಕೆ ಇಷ್ಟು ಸಾಮಾನು ಸಾಕು.

ರಾತ್ರಿ ಊಟವಾದ ಮೇಲೆ ಕಪ್ಪುಕುಳಿಯ ವಿಡಿಯೋ ನೋಡುತ್ತೇನೆ ಎಂದೂ ಹೇಳಿದೆ. ನೋಡು, ಬೇಡ ಅನ್ನುವುದಿಲ್ಲ. ಆದರೆ ಅಡುಗೆ ವಿಡಿಯೋ ನೋಡಿದರೆ ಹೊಟ್ಟೆ ತುಂಬುವುದಿಲ್ಲ. ಮಹಾಸ್ಫೋಟದ ಬಗ್ಗೆ ಅರ್ಧ ಗಂಟೆ ಮಾತಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಇವತ್ತು ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ಅಂತ ಕೇಳಿದರೆ ಅವರು ಮೊಬೈಲ್ ತಡಕುತ್ತಾರೆ. ಒಬ್ಬರೇ ಕೂತು ಖಗೋಳ ಕಲಿಯುವವರಿಗೆ ಪರೀಕ್ಷೆ ಮಾಡಲು ಮೇಷ್ಟರಿಲ್ಲವಲ್ಲ, ಆ ಕೆಲಸವನ್ನು ಆಕಾಶಕ್ಕೇ ಬಿಡಬೇಕು. ನಾಳೆ ರಾತ್ರಿ ಎಂಟಕ್ಕೆ ಏನು ಎಲ್ಲಿ ಕಾಣುತ್ತದೆ ಎಂದು ಇವತ್ತೇ ಬರೆದಿಡು. ನಾಳೆ ಹೋಗಿ ನೋಡು. ಸರಿಬಂದರೆ ಅಷ್ಟು ನಿನಗೆ ಗೊತ್ತು ಎಂದರ್ಥ. ತಪ್ಪಿದರೆ ಏಕೆ ತಪ್ಪಿತು ಎಂದು ಹುಡುಕು. ಪುಸ್ತಕ ತೆಗೆಯಬೇಕಾದ್ದು ಆಗ.

ಶುರು ಮಾಡಲು ಡಿಸೆಂಬರ್, ಜನವರಿ ಒಳ್ಳೆಯದು. ಮಳೆ ಮುಗಿದಿರುತ್ತದೆ, ಆಕಾಶ ತೊಳೆದಿಟ್ಟಂತಿರುತ್ತದೆ, ಮೇಲಾಗಿ ವರ್ಷದಲ್ಲೇ ಅತಿ ಹೊಳೆಯುವ ತಾರೆಗಳು ಸಂಜೆಯ ಹೊತ್ತಿಗೇ ಮೇಲೆ ಬಂದಿರುತ್ತವೆ. ಜನವರಿ ಮಧ್ಯದಲ್ಲಿ ರಾತ್ರಿ ಎಂಟಕ್ಕೆ ತಾರಸಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಲ್ಲು. ಒತ್ತೊತ್ತಾಗಿ ಒಂದೇ ಸಾಲಿನಲ್ಲಿ ಮೂರು ತಾರೆ ಕಂಡರೆ ಅದು ಮಹಾವ್ಯಾಧನ ನಡುಪಟ್ಟಿ. ಆ ಸಾಲನ್ನು ಕೆಳಗೆ ಎಳೆದರೆ ಲುಬ್ಧಕ ಸಿಗುತ್ತದೆ. ರಾತ್ರಿಯ ತಾರೆಗಳಲ್ಲೆಲ್ಲ ಪ್ರಕಾಶಮಾನವಾದದ್ದು ಅದೇ. ಸಾಲನ್ನು ಮೇಲಕ್ಕೆ ಎಳೆದರೆ ಕೆಂಬಣ್ಣದ ರೋಹಿಣಿ, ಇನ್ನೂ ಮುಂದೆ ಪುಟ್ಟ ಗೊಂಚಲಾಗಿ ಕೃತ್ತಿಕೆ. ವ್ಯಾಧನ ಭುಜದಲ್ಲಿ ಕೆಂಪಗೆ ಇರುವುದು ಆರ್ದ್ರೆ. ಮೊದಲ ವಾರಕ್ಕೆ ಈ ನಾಲ್ಕು ಸಾಕು.

ಈಗ ಒಂದು ಕೆಲಸ. ಪೂರ್ವದ ಕಡೆ ಎದುರು ಮನೆಯ ನೀರಿನ ಟ್ಯಾಂಕೋ ಲಿಫ್ಟಿನ ಕೋಣೆಯೋ ಇರುತ್ತದಲ್ಲ, ಅದರ ಒಂದು ಅಂಚನ್ನು ಗುರುತು ಮಾಡಿಕೋ. ನೀನು ನಿಲ್ಲುವ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆ, ಗೋಡೆಗೆ ಒರಗಿ ತಲೆ ಪ್ರತಿದಿನ ಒಂದೇ ಕಡೆ ಬರುವಂತೆ ನೋಡಿಕೋ. ಲುಬ್ಧಕ ಆ ಅಂಚಿನ ಹಿಂದಿನಿಂದ ಹೊರಬರುವ ಕ್ಷಣವನ್ನು ಗಡಿಯಾರದಲ್ಲಿ ನೋಡಿ ಬರೆ. ತಾರೆ ನಮ್ಮ ಕಣ್ಣಿಗೆ ಬರೀ ಚುಕ್ಕಿಯಾದ್ದರಿಂದ ನಿಧಾನವಾಗಿ ಇಣುಕುವುದಿಲ್ಲ, ಫಕ್ಕನೆ ಹೊತ್ತಿಕೊಳ್ಳುತ್ತದೆ. ಸಮಯ ಹಿಡಿಯುವುದು ಸುಲಭ. ಇವತ್ತು 7.40 ಎಂದಿಟ್ಟುಕೋ. ನಾಳೆ 7.36. ಹತ್ತು ದಿನ ಕಳೆದರೆ ಏಳಕ್ಕೆ ಒಂದು ನಿಮಿಷದ ಆಚೀಚೆ. ನಕ್ಷತ್ರಗಳ ದಿನ 24 ಗಂಟೆಯದಲ್ಲ, 23 ಗಂಟೆ 56 ನಿಮಿಷದ್ದು. ಭೂಮಿ ತನ್ನ ಸುತ್ತ ಒಂದು ಸುತ್ತು ತಿರುಗುವಷ್ಟರಲ್ಲಿ ಸೂರ್ಯನ ಸುತ್ತಲೂ ಸುಮಾರು ಒಂದು ಡಿಗ್ರಿ ಸರಿದಿರುತ್ತದೆ; ಸೂರ್ಯ ಮತ್ತೆ ಅದೇ ನೆತ್ತಿಗೆ ಬರಲು ಆ ಒಂದು ಡಿಗ್ರಿಯನ್ನೂ ತಿರುಗಬೇಕು, ಅದಕ್ಕೆ ಹಿಡಿಯುವುದು ನಾಲ್ಕು ನಿಮಿಷ. ಹೈಸ್ಕೂಲಿನಲ್ಲಿ ಇದನ್ನು ಓದಿಯೇ ಇರುತ್ತೀಯ. ಎದುರು ಮನೆಯ ಟ್ಯಾಂಕಿನ ಅಂಚಿನಲ್ಲಿ ಭೂಮಿ ಸೂರ್ಯನನ್ನು ಸುತ್ತುವುದನ್ನು ಹಿಡಿಯುವುದು ಬೇರೆಯೇ ಮಾತು. ದಿನಕ್ಕೆ ನಾಲ್ಕು ನಿಮಿಷ, ತಿಂಗಳಿಗೆ ಎರಡು ಗಂಟೆ: ಈ ಲೆಕ್ಕ ಕೈಗೆ ಹತ್ತಿದರೆ ಯಾವ ತಿಂಗಳು ಯಾವ ಹೊತ್ತಿಗೆ ಯಾವ ತಾರೆ ಎಂಬುದು ಬಾಯಲ್ಲೇ ಬರುತ್ತದೆ.

ಅಳೆಯಲು ಕೈ ಇದೆ. ತೋಳು ನೇರ ಚಾಚಿದರೆ ಮುಷ್ಟಿ ಸುಮಾರು ಹತ್ತು ಡಿಗ್ರಿ, ನಡುವಿನ ಮೂರು ಬೆರಳು ಐದು ಡಿಗ್ರಿ, ಕಿರುಬೆರಳು ಒಂದು. ಹುಟ್ಟುವಾಗ ತಟ್ಟೆಯಷ್ಟು ದೊಡ್ಡದಾಗಿ ಕಾಣುವ ಹುಣ್ಣಿಮೆ ಚಂದ್ರನಿಗೆ ಕಿರುಬೆರಳು ಅಡ್ಡ ಹಿಡಿದು ನೋಡು, ಪೂರ್ತಿ ಮುಚ್ಚಿಹೋಗುತ್ತಾನೆ. ಅವನ ಅಗಲ ಅರ್ಧ ಡಿಗ್ರಿಯಷ್ಟೇ. ನೆತ್ತಿಗೆ ಬಂದಾಗಲೂ ಅಷ್ಟೇ.

ಚಂದ್ರನ ವಿಷಯದಲ್ಲಿ ನಮ್ಮ ಕ್ಯಾಲೆಂಡರೇ ದೊಡ್ಡ ಸಹಾಯ. ಅಲ್ಲಿ ದಿನದಿನವೂ ತಿಥಿ, ನಕ್ಷತ್ರ ಅಚ್ಚಾಗಿರುತ್ತದೆ. ತಿಥಿ ಎಂದರೆ ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಎಂಬ ಲೆಕ್ಕ, ಒಂದೊಂದಕ್ಕೆ ಹನ್ನೆರಡು ಡಿಗ್ರಿ. ಆವತ್ತಿನ ನಕ್ಷತ್ರ ಎಂದರೆ ಅವನು ಯಾವ ತಾರೆಗಳ ನೆರೆಯಲ್ಲಿದ್ದಾನೆ ಎಂಬುದು. ಕ್ಯಾಲೆಂಡರಿನಲ್ಲಿ ರೋಹಿಣಿ ಎಂದಿದ್ದ ರಾತ್ರಿ ಚಂದ್ರನ ಹತ್ತಿರ ಆ ಕೆಂಪು ತಾರೆ ಇದೆಯೋ ಇಲ್ಲವೋ ನೋಡು. ಮಾರನೆಯ ದಿನ ಅದೇ ಹೊತ್ತಿಗೆ ಅವನು ಒಂದು ಮುಷ್ಟಿಗಿಂತ ತುಸು ಹೆಚ್ಚು ಪೂರ್ವಕ್ಕೆ ಸರಿದಿರುತ್ತಾನೆ, ಹದಿಮೂರು ಡಿಗ್ರಿ. ಹುಟ್ಟುವುದು ಸರಾಸರಿ ಐವತ್ತು ನಿಮಿಷ ತಡ. ಹಾಗಾಗಿ ಶುಕ್ಲ ಅಷ್ಟಮಿಯ ಅರ್ಧಚಂದ್ರ ಸೂರ್ಯ ಮುಳುಗುವಾಗ ಆಕಾಶದ ಎತ್ತರದಲ್ಲಿದ್ದು ನಡುರಾತ್ರಿಯ ಸುಮಾರಿಗೆ ಮುಳುಗುತ್ತಾನೆ. ಕೃಷ್ಣ ಅಷ್ಟಮಿಯವನು ನಡುರಾತ್ರಿ ಹುಟ್ಟುತ್ತಾನೆ. ಇಷ್ಟು ತಿಳಿದ ಮೇಲೆ ಒಂದು ಕಷ್ಟವೂ ಉಂಟು, ಈಗಲೇ ಹೇಳಿಬಿಡುತ್ತೇನೆ: ಸಿನಿಮಾ ನೋಡುವ ಸುಖ ಕೆಡುತ್ತದೆ. ನಾಯಕ ನಾಯಕಿ ನಡುರಾತ್ರಿ ಹಾಡುತ್ತಿರುತ್ತಾರೆ, ನೆತ್ತಿಯ ಮೇಲೆ ಬಿದಿಗೆ ಚಂದ್ರ. ಅವನು ಮುಳುಗಿ ಆಗಲೇ ಮೂರ್ನಾಲ್ಕು ಗಂಟೆಯಾಗಿರಬೇಕು.

ನಮ್ಮ ಕಡೆ ರೈತರು ಮಳೆಗೆ ಇಟ್ಟ ಹೆಸರು ನಿನಗೆ ಗೊತ್ತಿದೆ. ರೋಹಿಣಿ ಮಳೆ, ಆರಿದ್ರ ಮಳೆ, ಮಘೆ ಮಳೆ, ಚಿತ್ತೆ ಮಳೆ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಸೂರ್ಯ ಆ ಹದಿಮೂರು ಹದಿನಾಲ್ಕು ದಿನ ಆ ನಕ್ಷತ್ರದ ನೆರೆಯಲ್ಲಿರುತ್ತಾನೆ. ಹಾಗಾದರೆ ಆರಿದ್ರ ಮಳೆ ಹೊಯ್ಯುವಾಗ, ಅಂದರೆ ಜೂನ್ 21ರಿಂದ ಜುಲೈ ಮೊದಲ ವಾರದವರೆಗೆ, ಆರ್ದ್ರಾ ತಾರೆ ಎಲ್ಲಿರಬೇಕು? ಹಾಡುಹಗಲಲ್ಲಿ, ಸೂರ್ಯನ ಬೆಳಕಿನೊಳಗೆ. ಮೋಡವೇ ಇಲ್ಲದಿದ್ದರೂ ಅದು ಕಾಣುವುದಿಲ್ಲ. ಆರು ತಿಂಗಳು ಮುಂದಕ್ಕೆ ಎಣಿಸು. ಡಿಸೆಂಬರ್ ಕೊನೆಗೆ ಸೂರ್ಯ ಎದುರುದಿಕ್ಕಿಗೆ ಹೋಗಿರುತ್ತಾನೆ, ಸಂಜೆ ಸೂರ್ಯ ಮುಳುಗುತ್ತಿದ್ದಂತೆ ಆರ್ದ್ರೆ ಪೂರ್ವದಲ್ಲಿ ಮೂಡುತ್ತದೆ. ಇನ್ನೊಂದು ಲೆಕ್ಕ ನೀನೇ ಮಾಡು. ಮಘೆ ಮಳೆ ಆಗಸ್ಟಿನ ಎರಡನೇ ಅರ್ಧದಲ್ಲಿ. ಮಾಘ ಮಾಸದ ಹುಣ್ಣಿಮೆ ಫೆಬ್ರವರಿಯ ಆಸುಪಾಸಿನಲ್ಲಿ, ಆವತ್ತು ಚಂದ್ರ ಇರುವುದು ಮಘಾ ತಾರೆಯ ಹತ್ತಿರ. ಎರಡಕ್ಕೂ ಆರು ತಿಂಗಳ ಅಂತರ ಏಕೆ? ಉತ್ತರ ನಾನು ಹೇಳುವುದಿಲ್ಲ. ಒಂದು ಕಾಗದದ ಮೇಲೆ ಸೂರ್ಯ, ಭೂಮಿ, ಹುಣ್ಣಿಮೆಯ ಚಂದ್ರ ಮೂವರನ್ನೂ ಬರೆದು ನೋಡಿದರೆ ಐದು ನಿಮಿಷದ ಕೆಲಸ.

ಪಂಚಾಂಗ ಎಂದರೆ ಜ್ಯೋತಿಷ್ಯವಲ್ಲವೇ ಎಂದು ಮೂಗು ಮುರಿಯಬೇಡ. ಫಲ ಹೇಳುವ ಪುಟಗಳನ್ನು ಬಿಟ್ಟುಬಿಡು. ಹುಟ್ಟಿದಾಗ ಶನಿ ಎಲ್ಲಿದ್ದ ಎಂಬುದರಿಂದ ಯಾರ ನೌಕರಿಯೂ ಹೋಗುವುದಿಲ್ಲ, ಬರುವುದೂ ಇಲ್ಲ. ಗ್ರಹಗಳು ಯಾವ ರಾಶಿಯಲ್ಲಿವೆ ಎಂದು ಹೇಳುವ ಪುಟ ಮಾತ್ರ ಅಪ್ಪಟ ಲೆಕ್ಕ. ಗುರು ಸೂರ್ಯನನ್ನು ಸುತ್ತಲು ಸುಮಾರು ಹನ್ನೆರಡು ವರ್ಷ, ಆದ್ದರಿಂದ ವರ್ಷಕ್ಕೆ ಒಂದು ರಾಶಿ. ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ, ರಾಶಿಗೆ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಜನ ಹೆದರುವ ಸಾಡೇಸಾತಿಯ ಹಿಂದೆ ಇರುವುದು ಇಷ್ಟು ಭಾಗಾಕಾರ. ಮದುವೆಗೆ ಗುರುಬಲ ನೋಡುವ ಮನೆಗಳಲ್ಲಿ ಗುರುವನ್ನು ನೋಡಿದವರು ಒಬ್ಬರೂ ಇರುವುದಿಲ್ಲ ಎಂಬುದು ನನಗೆ ಯಾವತ್ತೂ ಸೋಜಿಗ. ನೀನು ತೋರಿಸು. ಮಿನುಗದೆ ಸ್ಥಿರವಾಗಿ ಉರಿಯುವ, ಬಿಳಿ ಹಳದಿಯ ದೊಡ್ಡ ಚುಕ್ಕಿ.

ಇನ್ನು ನನಗೆ ಬಹಳ ಇಷ್ಟವಾದ ಪ್ರಯೋಗ, ಅದಕ್ಕೆ ಕರ್ನಾಟಕದ ಭೂಪಟವೇ ಹೇಳಿಮಾಡಿಸಿದಂತಿದೆ. ನಿನ್ನ ಆಫೀಸಿನಲ್ಲಿ ಬೀದರಿನ ಹುಡುಗಿ ಇದ್ದಾಳೆ ಅಂದೆಯಲ್ಲ. ಬೆಂಗಳೂರು, ಬೀದರ್ ಎರಡೂ ಹೆಚ್ಚುಕಮ್ಮಿ ಒಂದೇ ರೇಖಾಂಶದ ಮೇಲಿವೆ, ಎರಡೂ 77.5 ಡಿಗ್ರಿ ಪೂರ್ವದ ಆಸುಪಾಸು. ಅಂದರೆ ಬೀದರ್ ಬೆಂಗಳೂರಿಗೆ ನೇರ ಉತ್ತರಕ್ಕಿದೆ, ಎರಡೂ ಕಡೆ ಸೂರ್ಯ ನೆತ್ತಿಯ ಗೆರೆ ದಾಟುವುದು ಒಂದೇ ಹೊತ್ತಿಗೆ. ಮಾರ್ಚ್ 20 ಅಥವಾ 21ರಂದು ಅವಳು ರಜೆಗೆ ಊರಿಗೆ ಹೋಗಿದ್ದರೆ ಇಬ್ಬರೂ ಒಂದೊಂದು ಮೀಟರ್ ಕೋಲನ್ನು ಸಮತಟ್ಟು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ. ಗಡಿಯಾರ ಹನ್ನೆರಡು ಹೊಡೆದ ಕೂಡಲೇ ಅಳೆದುಬಿಡಬೇಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ ಸಮಯ ಹೇಳುತ್ತದೆ, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಆ ದಿನ ನಿಜವಾದ ನಡುಹಗಲು 12.27ರ ಸುಮಾರಿಗೆ. ಹನ್ನೆರಡು ಗಂಟೆಯಿಂದಲೇ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುತ್ತಾ ಹೋಗಿ, ಅತಿ ಗಿಡ್ಡ ನೆರಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ನಿನ್ನ ನೆರಳು 23 ಸೆಂಟಿಮೀಟರಿನ ಹತ್ತಿರ ಬರಬೇಕು. ಅವಳದು 32. ಹತ್ತನೇ ತರಗತಿಯ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಟ್ಯಾನ್ ಬೆಲೆ 0.23 ಆಗುವ ಕೋನ 13 ಡಿಗ್ರಿ, 0.32 ಆಗುವುದು ಹತ್ತಿರ ಹತ್ತಿರ 18. ವ್ಯತ್ಯಾಸ ಐದು ಡಿಗ್ರಿ. ಎರಡೂರುಗಳ ನಡುವಿನ ನೇರ ದೂರ, ಬಸ್ಸಿನ ದೂರವಲ್ಲ, ನಕ್ಷೆಯಲ್ಲಿ ಅಳೆದದ್ದು, ಸುಮಾರು 550 ಕಿಲೋಮೀಟರ್. ಐದು ಡಿಗ್ರಿಗೆ 550 ಆದರೆ 360 ಡಿಗ್ರಿಗೆ ಎಷ್ಟು? 39,600. ಭೂಮಿಯ ನಿಜವಾದ ಸುತ್ತಳತೆ 40,000 ಕಿಲೋಮೀಟರ್. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟಾಸ್ತನೀಸ್ ಈಜಿಪ್ಟಿನ ಸಯೀನ್ ಮತ್ತು ಅಲೆಗ್ಸಾಂಡ್ರಿಯಗಳ ನಡುವೆ ಮಾಡಿದ್ದು ಇದನ್ನೇ.

ಅಳೆಯಲು ಕೂತಾಗ ಒಂದು ತೊಡಕು ಎದುರಾಗುತ್ತದೆ. ನೆರಳಿನ ತುದಿ ಚೂಪಾಗಿರುವುದಿಲ್ಲ, ಹೆಚ್ಚೂಕಡಿಮೆ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಸೂರ್ಯ ಚುಕ್ಕಿಯಲ್ಲ, ಅವನೂ ಅರ್ಧ ಡಿಗ್ರಿ ಅಗಲ. ಅವನ ಮೇಲಂಚು ಒಂದು ನೆರಳು ಹಾಕಿದರೆ ಕೆಳಂಚು ಇನ್ನೊಂದು ಹಾಕುತ್ತದೆ. ಕೋಲಿನ ತುದಿಗೆ ಚಿಕ್ಕ ತೂತಿನ ರಟ್ಟು ಅಂಟಿಸಿದರೆ ನೆಲದ ಮೇಲೆ ಪುಟ್ಟ ಬೆಳಕಿನ ಬಿಲ್ಲೆ ಬೀಳುತ್ತದೆ, ಅದರ ನಡುವನ್ನು ಅಳೆ. ಆಗ ಕೋಲಿನ ಎತ್ತರವನ್ನು ತೂತಿನವರೆಗೆ ಲೆಕ್ಕ ಹಿಡಿಯಬೇಕು. ಇದರಲ್ಲಿ ಆಲಸ್ಯ ಮಾಡಬೇಡ: ಒಂದು ಸೆಂಟಿಮೀಟರ್ ತಪ್ಪಿದರೆ ಭೂಮಿ ನಾಲ್ಕು ಸಾವಿರ ಕಿಲೋಮೀಟರ್ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಎಂದು ಉತ್ತರದ ಪಕ್ಕದಲ್ಲೇ ಬರೆಯುವ ಅಭ್ಯಾಸವನ್ನು ಇಲ್ಲಿಂದಲೇ ಹಿಡಿ. ಅದೇ ಕೋಲನ್ನು ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ನಿಲ್ಲಿಸಿದರೆ ನಡುಹಗಲಿಗೆ ನೆರಳೇ ಇರುವುದಿಲ್ಲ. ಬೀದರಿಗೆ ಆ ದಿನ ಬರುವುದು ಮೇ ಎರಡನೇ ವಾರದಲ್ಲಿ. ಏಕೆ ತಡ ಎಂದು ನೀನೇ ಹೇಳಬಲ್ಲೆ.

ಕೋಲು, ದಾರದಲ್ಲಿ ಏನಾಗುತ್ತದೆ ಎನ್ನುವವರಿಗೆ ಒಡಿಶಾದ ಸಾಮಂತ ಚಂದ್ರಶೇಖರನ ಹೆಸರು ಹೇಳು. ಜನ ಪಠಾಣಿ ಸಾಮಂತ ಎಂದು ಕರೆಯುತ್ತಿದ್ದರು, 1835ರಲ್ಲಿ ಖಂಡಪಡ ಸಂಸ್ಥಾನದಲ್ಲಿ ಹುಟ್ಟಿದವನು. ಮನೆಯಲ್ಲಿದ್ದ ಸಂಸ್ಕೃತ ಸಿದ್ಧಾಂತ ಗ್ರಂಥಗಳನ್ನು ತಾನೇ ಓದಿಕೊಂಡ. ಗ್ರಂಥದ ಲೆಕ್ಕ ಹೇಳಿದ ಜಾಗದಲ್ಲಿ ಗ್ರಹಗಳು ಇರುತ್ತಿರಲಿಲ್ಲ. ಗ್ರಂಥವನ್ನು ನಂಬಬೇಕೋ ಕಣ್ಣನ್ನೋ? ಬಿದಿರು, ಮರದ ಪಟ್ಟಿಗಳಿಂದ ಅಳೆಯುವ ಯಂತ್ರಗಳನ್ನು ಮಾಡಿಕೊಂಡು ವರ್ಷಗಟ್ಟಲೆ ಅಳೆದು, ಲೆಕ್ಕಗಳನ್ನು ತಿದ್ದಿ, ‘ಸಿದ್ಧಾಂತ ದರ್ಪಣ’ ಎಂಬ ಗ್ರಂಥವನ್ನು ಸಂಸ್ಕೃತ ಶ್ಲೋಕಗಳಲ್ಲಿ ಬರೆದ. 1899ರಲ್ಲಿ ಕಲ್ಕತ್ತೆಯಲ್ಲಿ ಅದು ಅಚ್ಚಾಯಿತು. ದೂರದರ್ಶಕದ ಸಹಾಯ ಅವನಿಗೆ ಇರಲಿಲ್ಲ. ಪುಸ್ತಕ ಹೇಳಿದ್ದನ್ನು ಹೊರಗೆ ಹೋಗಿ ನೋಡುವ ಹಟ ಮಾತ್ರ ಇತ್ತು.

ಬೆಂಗಳೂರಿನ ಬೆಳಕಿನಲ್ಲಿ ಏನು ಕಂಡೀತು ಎಂದು ಗೊಣಗಿದೆ. ಶುರು ಮಾಡುವವರಿಗೆ ಅದು ಒಂದು ರೀತಿಯಲ್ಲಿ ಒಳ್ಳೆಯದೇ ಅನ್ನುವವನು ನಾನು. ನಗರದಲ್ಲಿ ಕಾಣುವುದು ಪ್ರಕಾಶಮಾನವಾದ ತಾರೆಗಳಷ್ಟೇ, ನೀನು ಕಲಿಯಬೇಕಾದವೂ ಅವೇ. ಕತ್ತಲ ಊರಿಗೆ ಹೋದರೆ ಒಮ್ಮೆಗೇ ಎರಡು ಮೂರು ಸಾವಿರ ಕಂಡು ಯಾವುದು ಯಾವುದೆಂದೇ ತಿಳಿಯುವುದಿಲ್ಲ. ನಮ್ಮ ಅರಸೀಕೆರೆಗೆ ಬಂದಾಗ ಮಾತ್ರ ಅಮಾವಾಸ್ಯೆಯ ಸುಮಾರಿಗೆ ಬಾ. ಹುಣ್ಣಿಮೆಗೆ ಬಂದು ಆಕಾಶಗಂಗೆ ಎಲ್ಲಿ ಅಂತ ಕೇಳಬೇಡ. ತಾರಸಿಗೆ ಹೋದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಮೊಬೈಲ್ ಮುಟ್ಟಬಾರದು, ಕಣ್ಣು ಕತ್ತಲಿಗೆ ಒಗ್ಗಲು ಅಷ್ಟು ಹೊತ್ತು ಬೇಕು.

ಇಂಗ್ಲಿಷ್ ಪುಸ್ತಕಗಳನ್ನು ಓದುವಾಗ ಒಂದು ಎಚ್ಚರ. ಅವು ಬಹುತೇಕ ಲಂಡನ್, ನ್ಯೂಯಾರ್ಕಿನ ಆಕಾಶಕ್ಕೆ ಬರೆದವು. ಧ್ರುವನಕ್ಷತ್ರದಿಂದ ಶುರು ಮಾಡು ಎನ್ನುತ್ತವೆ. ನಿನ್ನ ತಾರಸಿಯಿಂದ ಧ್ರುವ ದಿಗಂತಕ್ಕಿಂತ ಹದಿಮೂರು ಡಿಗ್ರಿ ಮೇಲೆ, ಒಂದೂಕಾಲು ಮುಷ್ಟಿ. ಉತ್ತರಕ್ಕೆ ಒಂದು ಅಪಾರ್ಟ್‌ಮೆಂಟ್ ಎದ್ದರೆ ಮುಗಿಯಿತು. ಎಲ್ಲಕ್ಕಿಂತ ಹೊಳೆಯುವ ತಾರೆಯೂ ಅದಲ್ಲ, ಸಾಧಾರಣದ್ದು. ಬದಲಿಗೆ ಅವರಿಗೆ ಕಾಣದ ತೆಂಕಣ ಆಕಾಶ ನಮಗಿದೆ. ಫೆಬ್ರವರಿ ಮಧ್ಯದಲ್ಲಿ ರಾತ್ರಿ ಒಂಬತ್ತಕ್ಕೆ ದಕ್ಷಿಣಕ್ಕೆ ತಿರುಗಿ ಲುಬ್ಧಕದಿಂದ ಕೆಳಗೆ ಕಣ್ಣು ಇಳಿಸು. ದಿಗಂತದಿಂದ ಎರಡೂವರೆ ಮುಷ್ಟಿ ಎತ್ತರದಲ್ಲಿ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ, ಲುಬ್ಧಕವನ್ನು ಬಿಟ್ಟರೆ ಇಡೀ ರಾತ್ರಿಯಾಕಾಶದಲ್ಲಿ ಅತಿ ಪ್ರಕಾಶದ ತಾರೆ. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ. ಮೇ ಮಧ್ಯದಲ್ಲಿ ಅದೇ ಹೊತ್ತಿಗೆ ದಕ್ಷಿಣದಲ್ಲಿ ತ್ರಿಶಂಕು ನೆಟ್ಟಗೆ ನಿಂತಿರುತ್ತಾನೆ. ಅವನ ಎಡಕ್ಕೆ ಎರಡು ಹೊಳೆಯುವ ತಾರೆಗಳಿವೆ, ದೂರದ್ದು ಆಲ್ಫಾ ಸೆಂಟಾರಿ. ಬರಿಗಣ್ಣಿಗೆ ಕಾಣುವ ತಾರೆಗಳಲ್ಲಿ ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ್ದು. ಬೆಳಕು ಅಲ್ಲಿಂದ ಇಲ್ಲಿಗೆ ಬರಲು ನಾಲ್ಕು ವರ್ಷದ ಮೇಲೆ ನಾಲ್ಕು ತಿಂಗಳು.

ವರ್ಷ ಕಳೆದು ನೋಟ್‌ಬುಕ್ಕು ಅರ್ಧವಾದರೂ ತುಂಬಿದ್ದರೆ ಒಂದು 10×50 ಬೈನಾಕ್ಯುಲರ್ ಕೊಳ್ಳು. ಹತ್ತು ಪಟ್ಟು ಹಿಗ್ಗಿಸುತ್ತದೆ, ಗಾಜು ಐವತ್ತು ಮಿಲಿಮೀಟರ್ ಅಗಲ. ಗೋಡೆಗೆ ಮೊಣಕೈ ಊರಿ ಹಿಡಿದರೆ ಗುರುವಿನ ಅಕ್ಕಪಕ್ಕ ಸಾಲಾಗಿ ಪುಟ್ಟ ಚುಕ್ಕಿಗಳು ಕಾಣುತ್ತವೆ, 1610ರ ಜನವರಿಯಲ್ಲಿ ಗೆಲಿಲಿಯೊ ಕಂಡ ಚಂದ್ರರು. ದಿನವೂ ಬಿಡಿಸಿಟ್ಟರೆ ಅವು ಜಾಗ ಬದಲಿಸುವುದು ತಿಳಿಯುತ್ತದೆ. ಕಣ್ಣಿಗೆ ಆರು ತಾರೆಯಾಗಿ ಕಂಡ ಕೃತ್ತಿಕೆಯಲ್ಲಿ ಹತ್ತಾರು ತಾರೆಗಳು ಸಿಗುತ್ತವೆ. ಸೂರ್ಯನ ಕಡೆ ಮಾತ್ರ ಅದನ್ನು ತಿರುಗಿಸಲೇಬೇಡ, ಮುಳುಗುವ ಸೂರ್ಯನ ಕಡೆಗೂ. ಒಂದು ಕ್ಷಣ ಸಾಕು ಕಣ್ಣು ಹೋಗಲು. ಟೆಲಿಸ್ಕೋಪ್ ಅದಾದ ಮೇಲೆ. ಡಬ್ಬಿಯ ಮೇಲೆ ‘525 ಪಟ್ಟು’ ಎಂದು ದೊಡ್ಡಕ್ಷರದಲ್ಲಿ ಬರೆದದ್ದನ್ನು ಅಂಗಡಿಯಲ್ಲೇ ಬಿಟ್ಟು ಬಾ. ಗಾಜಿನ ಅಗಲ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿದರೆ ಮಸುಕು ದೊಡ್ಡದಾಗುತ್ತದೆಯೇ ಹೊರತು ವಿವರ ಸಿಗುವುದಿಲ್ಲ. ಫೋಟೋಗಳಲ್ಲಿ ಕಂಡ ಗುಲಾಬಿ, ನೀಲಿ ನೀಹಾರಿಕೆಗಳೂ ಕಾಣುವುದಿಲ್ಲ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಹಾಕುತ್ತದೆ, ಕಣ್ಣಿಗೆ ಆ ಶಕ್ತಿ ಇಲ್ಲ. ಬೂದು ಮೋಡದ ತುಣುಕು ಕಂಡೀತು.

ಪುಸ್ತಕಕ್ಕೆ ಜಿ.ಟಿ. ನಾರಾಯಣ ರಾವ್ ಅವರ ‘ನಕ್ಷತ್ರ ವೀಕ್ಷಣೆ’ ಹಳೆಯ ಪುಸ್ತಕದಂಗಡಿಯಲ್ಲೋ ಲೈಬ್ರರಿಯಲ್ಲೋ ಸಿಕ್ಕರೆ ಬಿಡಬೇಡ. ಸ್ಟೆಲೇರಿಯಮ್ ಎಂಬ ತಂತ್ರಾಂಶ ಪುಕ್ಕಟೆ. ಅದನ್ನು ಉತ್ತರ ಬರೆದಾದ ಮೇಲೆ ತಾಳೆ ನೋಡಲು ತೆರೆ. ಜವಾಹರಲಾಲ್ ನೆಹರೂ ತಾರಾಲಯ ನಿನ್ನ ಊರಲ್ಲೇ ಇದೆ, 1989ರಿಂದ, ಮಂಗಳೂರಿನವರಿಗೆ ಪಿಲಿಕುಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಾಗ ಓದು, ಲೆಕ್ಕ, ಉಳಿದ ಕಾಲಕ್ಕೆ ತಾರಸಿ.

ಕೊನೆಗೊಂದು ಕೆಲಸ ವಹಿಸುತ್ತೇನೆ, ಇದು ವರ್ಷಗಟ್ಟಲೆಯದು. 2019ರ ಕೊನೆಯಲ್ಲಿ ಆರ್ದ್ರೆ ಮಂಕಾಗತೊಡಗಿತು. ಸಾಮಾನ್ಯವಾಗಿ ರೋಹಿಣಿಗಿಂತ ಹೆಚ್ಚು ಹೊಳೆಯುತ್ತಿದ್ದದ್ದು 2020ರ ಫೆಬ್ರವರಿ ಹೊತ್ತಿಗೆ ರೋಹಿಣಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿ, ವ್ಯಾಧನ ಇನ್ನೊಂದು ಭುಜದ ತಾರೆಯ ಮಟ್ಟಕ್ಕೆ ಇಳಿದಿತ್ತು. ಅದೇ ಉಗುಳಿದ ಅನಿಲ ತಣಿದು ಧೂಳಾಗಿ ಮರೆಮಾಡಿತು ಎಂದು ಖಗೋಳಜ್ಞರು ವಿವರಿಸಿದರು. ತಾರೆಗಳ ನೆರೆಹೊರೆ ಪರಿಚಯವಿದ್ದವರಿಗೆ ಯಾವ ಉಪಕರಣವೂ ಬೇಕಾಗಿರಲಿಲ್ಲ, ತಾರಸಿಯಿಂದಲೇ ಗೊತ್ತಾಗುತ್ತಿತ್ತು. ಹೀಗೆ ಪ್ರಕಾಶ ಬದಲಿಸುವ ತಾರೆಗಳನ್ನು ಬರಿಗಣ್ಣಿನಿಂದ ಅಂದಾಜು ಮಾಡಿ ಕಳಿಸಿದರೆ ದಾಖಲಿಸಿಕೊಳ್ಳುವ ಸಂಸ್ಥೆಯೊಂದಿದೆ. ಎಎವಿಎಸ್‌ಒ ಎನ್ನುತ್ತಾರೆ, ಅಮೆರಿಕದಲ್ಲಿ 1911ರಲ್ಲಿ ಶುರುವಾದದ್ದು. ಡಿಗ್ರಿ ಕೇಳುವುದಿಲ್ಲ, ಯಾವ ದೇಶದವರೂ ಕಳಿಸಬಹುದು. ವಿಧಾನ ಸರಳ. ರೋಹಿಣಿಯ ಪ್ರಕಾಶಮಾನ ಸುಮಾರು 0.9, ಲುಬ್ಧಕದ ಎಡಕ್ಕಿರುವ ಪ್ರಶ್ವದ್ದು 0.4, ಅಂಕೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಈ ಎರಡರ ನಡುವೆ ಆರ್ದ್ರೆ ಇವತ್ತು ಎಲ್ಲಿ ನಿಲ್ಲುತ್ತದೆ, ಯಾವುದಕ್ಕೆ ಹೆಚ್ಚು ಹತ್ತಿರ, ಎರಡಕ್ಕಿಂತ ಕಡಿಮೆಯೋ ಹೆಚ್ಚೋ? ಮೂರೂ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿರುವಾಗ ನೋಡು, ದಿಗಂತದ ಹತ್ತಿರ ಗಾಳಿ ಬೆಳಕನ್ನು ತಿನ್ನುತ್ತದೆ. ತಾರೀಖು, ಗಂಟೆ, ಅಂದಾಜು, ಮೂರೂ ಒಂದೇ ಸಾಲಿನಲ್ಲಿ ಬರೆ. ಮೋಡವಿದ್ದ ದಿನ ಮೋಡ ಎಂದು ಬರೆ, ನಿನ್ನೆಯ ಅಂಕೆಯನ್ನು ನಕಲು ಮಾಡಬೇಡ.